ನಾಲ್ಕಿಲ್ಲದ ಲೆಕ್ಕ

ನದಿಯ ಆಚೆ ಥಾಯ್ಲೆಂಡ್, ಈಚೆ ಫಂಗ್‌ನ ಏಳಂತಸ್ತಿನ ಕಟ್ಟಡ. ಫೋನಿನಲ್ಲಿ ಪ್ರೀತಿಯ ಮಾತಾಡಿ ದೂರದೇಶದವರನ್ನು ದೋಚುವುದೇ ಅಲ್ಲಿಯ ಕೆಲಸ. ಮಾಡುವವರೆಲ್ಲ ಮೋಸದಿಂದ ತಂದು ಕೂಡಿಹಾಕಿದವರು. ಲಿಫ್ಟಿನಲ್ಲಿ ಮೂರರ ಗುಂಡಿಯ ಮೇಲೆ ಐದರ ಗುಂಡಿ ಇತ್ತು. ಫಂಗ್‌ನ ಭಾಷೆಯಲ್ಲಿ ನಾಲ್ಕು ಎಂದರೂ ಸಾವು ಎಂದರೂ ಕಿವಿಗೆ ಹೆಚ್ಚುಕಡಿಮೆ ಒಂದೇ. ಎಷ್ಟೋ ಜನರ ಹೆಣ ನದಿಗೆ ಹಾಕಿಸಿದ ಮಹಾನುಭಾವನಿಗೆ ಒಂದು ಅಂಕಿ ಕಂಡರೆ ನಡುಕ.

ಅಲ್ಲಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಡಿಂಡೊ ಫಿಲಿಪ್ಪೀನ್ಸಿನವನು. ಅವನೂ ಕೈದಿಯೇ; ಕೆಲಸದ ಹೊತ್ತಿನಲ್ಲಿ ಎಡಗೈಯನ್ನು ಮೇಜಿನ ಕಾಲಿಗೆ ಸರಪಳಿ ಹಾಕಿ ಬಿಗಿದಿರುತ್ತಿದ್ದರು. ಇಂಟರ್ನೆಟ್ಟಿನ ಬಾಗಿಲು ಕಾಯುವ ಫೈರ್‌ವಾಲ್ ಇಡೀ ಕಟ್ಟಡಕ್ಕೆ ಒಂದೇ. ಅದರೊಳಗೇ ಬೇಲಿ ಹಾಕಿ ಅಂತಸ್ತಿಗೊಂದು ವಿ-ಲ್ಯಾನ್, ಅಂದರೆ ಬೇರೆಯದೇ ಒಳಜಾಲ, ಮಾಡಿದ್ದ. ಪ್ರತಿಯೊಂದಕ್ಕೂ ಒಂದು ಅಂಕಿ, ಹೊರಹೋಗಲು ಅದರದೇ ದಾರಿ. ಒಂದು ಬೇಲಿಯೊಳಗಿನವರಿಗೆ ಇನ್ನೊಂದು ಇರುವುದೇ ಕಾಣದು. ಆ ಪಟ್ಟಿಯಲ್ಲೂ ಮೂರಾದ ಮೇಲೆ ಐದು.

ಮೂರನೇ ಅಂತಸ್ತಿನ ಜೊವೆಲಿನ್ ಅವನ ಊರ ಕಡೆಯವಳು. ಅವಳ ಪಕ್ಕದ ಕುರ್ಚಿಯವಳನ್ನು ಎಲ್ಲರೆದುರು ಹೊಡೆದು ಕೊಂದಿದ್ದರು.

“ಅಣ್ಣಾ, ಮುಂದಿನ ಸರದಿ ನಂದು,” ಎಂದಳು ಅನ್ನದ ಸಾಲಿನಲ್ಲಿ. “ನೂರಿಪ್ಪತ್ತು ಜನರ ಹೆಸರು, ಫೋಟೊ ಕೂಡಿಸಿಟ್ಟಿದೀನಿ. ನಮ್ಮ ರಾಯಭಾರ ಕಚೇರಿಗೆ ಕಳಿಸೋಕೆ ಒಂದು ದಾರಿ ಮಾಡ್ಕೊಡು.”

“ಏಟು ತಿಂದು ನಿಂಗೆ ತಲೆ ಕೆಟ್ಟಿದೆ,” ಎಂದ ಡಿಂಡೊ.

ಮರುದಿನ ಬೆಳಿಗ್ಗೆ ದಾರಿ ಮಾಡಿದ. ವಿ-ಲ್ಯಾನ್ ನಾಲ್ಕು. ಅದಕ್ಕೆ ಸೇರಿದ್ದು ಅವಳ ಮೇಜಿನಡಿಯ ನೆಟ್ ತಂತಿಯ ಸಾಕೆಟ್ ಒಂದೇ. ಅಲ್ಲಿಂದ ನೇರ ಹೊರಕ್ಕೆ. ಆ ಅಂಕಿಯತ್ತ ಇಲ್ಲಿ ಯಾರೂ ಕಣ್ಣು ಹಾಯಿಸುವುದಿಲ್ಲವೆಂದು ನಂಬಿದ್ದ.

ಮಧ್ಯಾಹ್ನ ಕಾವಲಿನ ಟೂನ್ ಡಿಂಡೊನ ಪರದೆಯ ಪಟ್ಟಿಯಲ್ಲಿ ನಾಲ್ಕು ನೋಡಿದವನೇ ದೆವ್ವ ಕಂಡವನಂತೆ ಓಡಿಹೋಗಿ ಫಂಗ್‌ನನ್ನು ಕರೆತಂದ. ಜೊವೆಲಿನ್ ಕಳಿಸುತ್ತಿದ್ದ ಫೈಲು ಇನ್ನೂ ಹೋಗುತ್ತಿತ್ತು. ಡಿಂಡೊನ ಮೇಜಿನ ಪಕ್ಕ, ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಬೀರುವಿನಲ್ಲಿ ನೂರಾರು ಹಸಿರು ದೀಪಗಳ ನಡುವೆ ಅವಳ ತಂತಿಯ ದೀಪ ಮಿಟುಕುತ್ತಿತ್ತು. ಯಾವುದೆಂದು ಡಿಂಡೊಗೆ ಮಾತ್ರ ಗೊತ್ತು. ಮಿಟುಕುವುದು ನಿಂತರೆ ಫೈಲು ಮುಟ್ಟಿದಂತೆ.

“ಎಲ್ಲಾ ತಂತಿ ಕಿತ್ತಾಕ್ಲಾ ಬಾಸ್?” ಎಂದ ಟೂನ್.

“ಮುನ್ನೂರು ಗಿರಾಕಿ ಗಾಳಕ್ಕೆ ಬಿದ್ದಿರೋವಾಗ? ನಿನ್ನ ಕರುಳು ಕೀಳ್ತೀನಿ.” ಫಂಗ್ ಡಿಂಡೊನ ಬಲಗೈಯ ಹೆಬ್ಬೆರಳನ್ನು ಬೀರುವಿನ ಬಾಗಿಲ ಸಂದಿಗೆ ತುರುಕಿದ. “ಯಾರ ಸಾಕೆಟ್ಟೋ ಅದು?”

“ಗೊತ್ತಿಲ್ಲ ಬಾಸ್.”

“ಒಂದು,” ಎಂದ ಫಂಗ್. ಬಾಗಿಲು ಬಡಿಯಿತು, ಮೂಳೆ ಲಟಕ್ಕೆಂದಿತು. ಡಿಂಡೊ ಅಮ್ಮನನ್ನು ಕೂಗಿದ.

“ಎರಡು.” ತೋರುಬೆರಳು ಹೋಯಿತು. ದೀಪ ಮಿಟುಕುತ್ತಲೇ ಇತ್ತು.

“ಮೂರು.” ಡಿಂಡೊ ಉಚ್ಚೆ ಹೊಯ್ದುಕೊಂಡ. ಹೇಳಿಬಿಡಬೇಕೆನ್ನಿಸಿತು, ಜೊವೆಲಿನ್ ಹೆಸರು ನಾಲಿಗೆಯ ತುದಿಗೇ ಬಂತು. ಹಲ್ಲು ಕಚ್ಚಿ ನುಂಗಿದ.

“ಐದು,” ಎಂದು ಫಂಗ್ ಕಿರುಬೆರಳನ್ನು ಜಜ್ಜಿದ. ಉಂಗುರಬೆರಳನ್ನು ಮುಟ್ಟಲಿಲ್ಲ.

ದೀಪ ಮಿಟುಕುವುದನ್ನು ನಿಲ್ಲಿಸಿತು.

“ಬಾಸ್, ಆ ನಾಲ್ಕನ್ನ ತೆರೆದು ನೋಡಿದ್ರೆ ಒಳಗೇ ಯಾವ ಸಾಕೆಟ್ಟಂತ…” ಎನ್ನುತ್ತಿದ್ದ ಟೂನ್‌ನ ಬಾಯಿಗೆ ಫಂಗ್‌ನ ಮುಷ್ಟಿ ಬಿತ್ತು.

“ಅದನ್ನ ಬಾಯಲ್ಲಿ ತರ್ತೀಯಾ? ನನ್ನ ಮನೇಲಿ ಅದನ್ನ ತೆರೀತೀಯಾ? ಮೊದ್ಲು ಅಳಿಸು.”

“ನಾನು ಮುಟ್ಟಲ್ಲ ಬಾಸ್.”

“ಹಾಗಾದ್ರೆ ಹಾಕಿದ ಬೇವರ್ಸಿನೇ ಅಳಿಸ್ಲಿ.”

ಡಿಂಡೊ ನೆತ್ತರು ಸೋರುವ ಕೈಯನ್ನು ಕೀಲಿಮಣೆಯ ಮೇಲಿಟ್ಟು, ಉಳಿದಿದ್ದ ಉಂಗುರಬೆರಳಿನಿಂದ ಒತ್ತಿದ. ನಾಲ್ಕು ಹೋಯಿತು. ಅದಕ್ಕೆ ಯಾವ ಸಾಕೆಟ್ ಸೇರಿತ್ತೆಂಬ ಗುರುತೂ ಅದರ ಜೊತೆಯಲ್ಲೇ ಹೋಯಿತು.

ಟೂನ್ ರಕ್ತ ಉಗಿದು ಪರದೆ ನೋಡಿದ. “ಈಗ ಯಾರನ್ನ ಹಿಡಿಯೋದು ಬಾಸ್? ಏನೂ ಉಳಿದಿಲ್ಲ ಇಲ್ಲಿ.”

ಅಷ್ಟು ನೋವಿನಲ್ಲೂ ಡಿಂಡೊಗೆ ನಗು ತಡೆಯಲಾಗಲಿಲ್ಲ. ಫಂಗ್ ಬಗ್ಗಿ ಅವನ ಎಡಗೈಯ ಸರಪಳಿ ಬಿಚ್ಚಿ, ಹೆಬ್ಬೆರಳನ್ನು ಹಿಡಿದುಕೊಂಡ.

“ಒಂದು,” ಎಂದ.