ಕಾಲು ಮುಂದಾಗಿ ಹುಟ್ಟಿದವಳು

“ಏನ ನೋಡಕೋತ ನಿಂತೀ? ತುಳಿ,” ಎಂದಳು ನಜಮಾ. ಪಡಸಾಲೆಯ ಚಾಪೆಯ ಮೇಲೆ ಮಗ ಜಹೀರ ಅಂಗಿ ಬಿಚ್ಚಿ ಬೋರಲು ಮಲಗಿದ್ದ. ತವರಿಗೆ ಬಂದಿದ್ದ ಫಿರದೋಸ ತಮ್ಮನ ಪಕ್ಕದಲ್ಲಿ ಮನಸ್ಸಿಲ್ಲದೆ ನಿಂತಿದ್ದಳು.

ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು ಅವಳು. ಅಂಥವರು ತುಳಿದರೆ ಬೆನ್ನಿನ ಉಳುಕು ಹೋಗುತ್ತದೆಂಬುದು ಝಳಕಿಯಲ್ಲಿ ಕೂಸಿಗೂ ಗೊತ್ತು. ಬುದ್ಧಿ ಬಂದಾಗಿನಿಂದ ಊರಿನ ಬೆನ್ನುಗಳನ್ನೆಲ್ಲ ತುಳಿದಿದ್ದಾಳೆ. ಅವಳ ಮನೆಯ ನೀರು ಮುಟ್ಟದವರೂ ಅವಳ ಹಿಮ್ಮಡಿಗೆ ಮಾತ್ರ ಬೆನ್ನೊಡ್ಡಿದ್ದಾರೆ. ಮದುವೆಯ ದಿನ ಬೀಗರ ಮುದುಕಿಯೊಬ್ಬಳು ಮೆಹಂದಿ ಆರದ ಕಾಲಿನಿಂದಲೇ ತುಳಿಸಿಕೊಂಡಿದ್ದಳು.

ಜಹೀರ ಇಂಡಿ ಪಟ್ಟಣದ ನಿಂಬೆ ಮಾರುಕಟ್ಟೆಯಲ್ಲಿ ಚೀಲ ಹೊರುವವನು. ಇಪ್ಪತ್ತು ದಾಟಿದ, ಬಿದಿರು ಗಳುವಿನಂತೆ ಬೆಳೆದ ಹುಡುಗ. ಬೆಳಿಗ್ಗೆ ಚೀಲ ಎತ್ತುವಾಗ ಎದೆಯಲ್ಲಿ ಚಳಕ್ಕೆಂದು, ನೋವು ಬೆನ್ನಿನ ರೆಕ್ಕೆ ಎಲುಬಿನವರೆಗೂ ಹಾದಿತ್ತು. ಮಾರುಕಟ್ಟೆ ಹತ್ತಿರದ ಡಾಕ್ಟರು ಅವನ ಎದೆಯನ್ನೂ ಮುಟ್ಟಿ ನೋಡದೆ, ಈ ವಯಸ್ಸಿಗೆ ಎಂಥ ಎದೆನೋವು, ಗ್ಯಾಸು ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಪಕ್ಕದ ಮನೆಯ ಸುಂದರವ್ವ ವಾಯು ಎಂದಳು. ಅವ್ವ ಉಳುಕು ಎಂದಳು. ಹೇಳುವ ಬಾಯಿಗೇನು ಬರವೇ? ಕೇಳುವ ಕಿವಿಗೆ ಬರ.

ಫಿರದೋಸ ಬಲಗಾಲಿಟ್ಟು ಭಾರ ಬಿಟ್ಟಳು. ಜಹೀರ ಕೂಗಲಿಲ್ಲ, ಕೂಗಲು ಉಸಿರೇ ಇರಲಿಲ್ಲ. ಹೊರಳಿ ಎದ್ದು ಕುಳಿತು ಬಾಯಿ ತೆರೆದ. ತುಟಿ ನೇರಳೆ ಹಣ್ಣು ತಿಂದವನಂತೆ ಕಪ್ಪಿಟ್ಟಿತ್ತು.

“ಅಕ್ಕಾ, ಉಸರ ಒಳಗ ಹೋಗವಲ್ದು.”

“ಇನ್ನೊಮ್ಮೆ ತುಳಿ, ಸರಿ ಆಗತೈತಿ,” ಎಂದಳು ನಜಮಾ.

ಫಿರದೋಸಳ ಸಿಟ್ಟು ನೆತ್ತಿಗೇರಿತು. ಅವ್ವನ ಮೇಲೆ, ಆ ಗ್ಯಾಸಿನ ಡಾಕ್ಟರನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಕಾಲಿನ ಮೇಲೆ. “ಅವನ ಜೀವ ಹೊಂಟೈತಿ, ನಿನಗ ನನ್ನ ಕಾಲ ಬೇಕಾಗೇತೇನ? ಸರಿ ಆಕಡೆ,” ಎಂದವಳೇ ತಮ್ಮನ ತೋಳು ಹಿಡಿದು ಹೊರಟಳು. ಹೆದ್ದಾರಿಯ ನಡುವೆ ನಿಂತು ಮೊದಲು ಬಂದ ಕಾರಿಗೆ ಕೈ ಅಡ್ಡ ಹಿಡಿದಳು. ಕಾರಿನವನು ಗೊಣಗಲು ಹೋಗಿ ಅವಳ ಮುಖ ನೋಡಿ ಹಿಂದಿನ ಬಾಗಿಲು ತೆರೆದ. ವಿಜಯಪುರ ಮುಟ್ಟುವವರೆಗೂ ಎಲ್ಲೂ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸರೇ ತೆಗೆದರು. ಶ್ವಾಸಕೋಶದಲ್ಲಿ ತೂತಾಗಿ, ಗಾಳಿ ಎದೆಯೊಳಗೇ ಸೋರಿ ಅದನ್ನು ಅಮುಕಿಹಾಕಿದೆ, ತೆಳ್ಳಗೆ ಉದ್ದವಾಗಿ ಬೆಳೆದ ಹುಡುಗರಿಗೆ ಹೀಗಾಗುವುದುಂಟು ಎಂದರು ಡಾಕ್ಟರಮ್ಮ. ಇನ್ನಷ್ಟು ತಡವಾಗಿದ್ದರೆ ಹುಡುಗ ಕೈಗೆ ಸಿಗುತ್ತಿರಲಿಲ್ಲವಂತೆ. ಸೋರಿದ ಗಾಳಿ ಹೊರಬರಲೆಂದು ಪಕ್ಕೆಲುಬಿನ ನಡುವೆ ನಳಿಗೆ ತೂರಿಸಿ ಅದರ ತುದಿಯನ್ನು ನೀರಿನ ಬಾಟಲಿಗೆ ಇಳಿಬಿಟ್ಟರು. ಬೆನ್ನನ್ನು ಯಾರಾದರೂ ಒತ್ತಿದ್ದಿರಾ ಎಂದು ಕೇಳಿದಾಗ ಫಿರದೋಸ, “ನಾನ ತುಳದೇನ್ರಿ,” ಎಂದಳು. ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಜಹೀರ ಗಂಜಿ ಕುಡಿದ. ನೋಡಲು ಬಂದ ನೆಂಟರಿಗೆಲ್ಲ ನಜಮಾ ಒಂದೇ ಮಾತು ಹೇಳತೊಡಗಿದಳು.

“ಅಕಿ ತುಳದ ಮ್ಯಾಲೇ ನೋಡ್ರಿ ರೋಗ ಹೊರಗ ಬಿದ್ದದ್ದು. ಇಲ್ಲಂದ್ರ ಯಾರಿಗಿ ತಿಳೀತಿತ್ತು?”

ನೆಂಟರು ತಲೆದೂಗಿದರು. ಫಿರದೋಸಳ ಮೈ ಉರಿದುಹೋಯಿತು. “ಸಾಕ ಮಾಡವ್ವಾ. ನಾ ತುಳದು ಅವನ್ನ ಕೊಲ್ಲತಿದ್ದೆ,” ಎಂದಳು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಹಾಗೆಲ್ಲ ಅನ್ನಬಾರದು, ಅಲ್ಲಾ ಕೊಟ್ಟ ಗುಣ ಅದು ಎಂದು ಸಿಂದಗಿಯಿಂದ ಬಂದ ಚಿಕ್ಕಮ್ಮ ಸಗೀರಾ ಬುದ್ಧಿ ಹೇಳಿದಳು. ಹೇಳುತ್ತಲೇ, ಬಸ್ಸಿನಲ್ಲಿ ಕುಳಿತು ನಡ ಹಿಡಿದಿದೆ ಎಂದು ಎರಡು ಮಂಚಗಳ ನಡುವೆ ಚಾದರ ಹಾಸಿ ಬೋರಲು ಮಲಗಿಬಿಟ್ಟಳು.

ಫಿರದೋಸ ನೆಲದ ಮೇಲಿದ್ದ ಎರಡೂ ಕಾಲನ್ನು ಎತ್ತಿ ತಮ್ಮನ ಮಂಚದ ಮೇಲೆ ಮಡಚಿಕೊಂಡು ಕುಳಿತಳು. ಜಹೀರ ನಳಿಗೆ ಎಳೆಯದಂತೆ ಮೆಲ್ಲಗೆ ಕೈ ಚಾಚಿ, ತನ್ನ ಹೊದಿಕೆಯನ್ನು ಅಕ್ಕನ ಪಾದಗಳ ಮೇಲೆ ಎಳೆದ.