ಮೆರವಣಿಗೆ ಒಲ್ಲದ ಕಾರು

ಓಟಕ್ಕೆಂದು ನನ್ನನ್ನು ಯಾರೂ ಮಾಡಲಿಲ್ಲ. ೧೯೭೪ರಲ್ಲಿ ಮುಂಬೈಯ ಒಂದು ಕಾರ್ಖಾನೆಯಿಂದ, ನನ್ನಂಥವೇ ನೂರಾರು ಕಾರುಗಳ ಸಾಲಿನಲ್ಲಿ ನಾನೂ ಒಂದಾಗಿ ಹೊರಬಿದ್ದೆ. ಮೈಗೆ ಹಾಲುಬಿಳುಪು ಬಣ್ಣ, ಒಳಗೆ ಸಾವಿರದ ಎಂಬತ್ತೊಂಬತ್ತು ಸಿ.ಸಿ.ಯ ಪುಟ್ಟ ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಮಕ್ಕಳು ಮರಿ ಕೂತು ಹೋಗುವ ಕಾರು ನಾನು.

ಮೊದಲು ಬೆಳಗಾವಿಯ ಡಾಕ್ಟರ್ ಸರದೇಸಾಯಿಯವರ ಮನೆ ಸೇರಿದೆ. ರೋಗಿಯ ಮನೆಗೆ ಎಷ್ಟೇ ಅವಸರವಿದ್ದರೂ ಅವರು ನಲವತ್ತರ ಮೇಲೆ ಮುಳ್ಳು ಏರಗೊಡುತ್ತಿರಲಿಲ್ಲ. ಏಳು ವರ್ಷ ನಾನು ಆ ವೇಗವನ್ನೇ ನನ್ನ ಸ್ವಭಾವವೆಂದು ತಿಳಿದಿದ್ದೆ.

ಡಾಕ್ಟರರು ಹೊಸ ಕಾರು ಕೊಂಡಾಗ ನಾನು ಉದ್ಯಮಬಾಗದ ಲೇಥ್ ಶೆಡ್ಡಿನ ರುದ್ರಪ್ಪ ಬಾಳಿಕಾಯಿಯವರ ಕೈಗೆ ಬಂದೆ. ಅವರಿಗಿಂತ ಹೆಚ್ಚಾಗಿ ಅವರ ಮಗಳು ಇಂದುಮತಿಯ ಕೈಗೆ. ಫಿಸಿಕ್ಸ್ ಓದಿದ್ದ ಹುಡುಗಿ. ಶೆಡ್ಡಿನ ಮೆಕ್ಯಾನಿಕ್ ದಸ್ತಗೀರನ ಜೊತೆ ನನ್ನ ಕೆಳಗೆ ಮಲಗಿ, ನನ್ನ ಒಂದೊಂದು ನಟ್ಟನ್ನೂ ಬಿಚ್ಚಿ ನೋಡಿದಳು. ವಾಲ್ವುಗಳನ್ನು ಕೈಯಾರೆ ಉಜ್ಜಿ ಕೂರಿಸಿದಳು. ಅದಾದ ಮೇಲೆ ಒಂದು ಬೆಳಿಗ್ಗೆ ಖಾನಾಪುರದ ರಸ್ತೆಯಲ್ಲಿ ಅವಳು ಕಾಲು ಒತ್ತಿದಾಗ, ನನಗೂ ನೂರರ ವೇಗ ಉಂಟೆಂದು ನನಗೇ ಮೊದಲ ಸಲ ಗೊತ್ತಾಯಿತು.

೧೯೮೩ರಲ್ಲಿ ವಿಮಾನಗಳ ಒಂದು ಪಾಳುಬಿದ್ದ ಓಡುದಾರಿಯಲ್ಲಿ ಹವ್ಯಾಸಿಗಳ ರೇಸು ಏರ್ಪಾಡಾಗಿತ್ತು. ಹೆಸರು ಬರೆಸಲು ಹೋದವಳನ್ನು ಮೇಜಿನ ಹಿಂದಿದ್ದ ಹಿರಿಯರೊಬ್ಬರು ಮೇಲೆ ಕೆಳಗೆ ನೋಡಿದರು.

"ತಂಗೀ, ಹೆಣ್ಣಮಕ್ಕಳ ರೇಸ್ ಬ್ಯಾರೆ ಐತಿ. ಮೂರ ಗಾಡಿ ಅದಾವ. ಬೆಳ್ಳಿ ಬಟ್ಟಲ ನಿನಗ ಗ್ಯಾರಂಟಿ."

"ಗಾಡಿ ಎಷ್ಟ ಸಿ.ಸಿ. ಅಂತ ಕೇಳ್ರಿ ಕಾಕಾ. ಓಡಸಾಕಿ ಹೆಣ್ಣೋ ಗಂಡೋ ಅಂತ ಎಂಜಿನ್‌ಗೆ ಗೊತ್ತಾಗಂಗಿಲ್ಲ."

ಅವರು ಮುಖ ಗಂಟಿಕ್ಕಿಯೇ ಸಾವಿರದ ನೂರು ಸಿ.ಸಿ.ಯ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡರು. ಹನ್ನೊಂದು ಕಾರುಗಳಲ್ಲಿ ನಾವು ನಾಲ್ಕನೆಯವರಾದೆವು. ಬಟ್ಟಲು ಸಿಗಲಿಲ್ಲ. ಅವಳು ಮಾತ್ರ ಊರು ಮುಟ್ಟುವವರೆಗೂ ಸೀಟಿ ಹೊಡೆಯುತ್ತಲೇ ಇದ್ದಳು.

ಐದು ವರ್ಷದ ನಂತರ ರುದ್ರಪ್ಪನವರು ತೀರಿಕೊಂಡರು. ಶೆಡ್ಡು ಮುಚ್ಚಿತು. ಇಂದುಮತಿಗೆ ವಿಜಯಪುರದ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಬಾಡಿಗೆಯ ಕೋಣೆಯಲ್ಲಿ ಅವಳಿಗೇ ಜಾಗ ಸಾಲದು, ಇನ್ನು ನನಗೆಲ್ಲಿಯದು? ಗೋಕಾಕದ ಒಂದು ಡ್ರೈವಿಂಗ್ ಸ್ಕೂಲಿನವರು ನನ್ನನ್ನು ಒಯ್ದರು. ಹೊರಡುವಾಗ ಅವಳು ಬಂದು ನೋಡಲಿಲ್ಲ. ನೋಡಿದ್ದರೆ ಬಿಟ್ಟುಕೊಡುತ್ತಿರಲಿಲ್ಲ ಎಂದು ಬಹಳ ವರ್ಷಗಳ ಮೇಲೆ ದಸ್ತಗೀರನ ಬಾಯಿಂದ ಕೇಳಿದೆ.

ಗೋಕಾಕದಲ್ಲಿ ಹದಿನೆಂಟು ವರ್ಷ ನನ್ನ ಕ್ಲಚ್ಚನ್ನು ಊರವರೆಲ್ಲ ತುಳಿದರು. ಶಿಕ್ಷಕರು, ಕಂಡಕ್ಟರುಗಳು, ಬಸುರಿ ಹೆಂಗಸರು, ಒಬ್ಬ ಸ್ವಾಮಿಗಳು ಕೂಡ. ಆಮೇಲೆ ಹಿತ್ತಲು. ಕೋಳಿಗಳು ಹಿಂದಿನ ಸೀಟಿನಲ್ಲಿ ಕಾವು ಕೂತವು. ನನ್ನ ಆಯುಷ್ಯ ಮುಗಿಯಿತೆಂದು ನಾನು ಒಪ್ಪಿಕೊಂಡಿದ್ದೆ.

ದಸ್ತಗೀರ ಒಪ್ಪಿಕೊಳ್ಳಲಿಲ್ಲ. ಗೋಕಾಕಕ್ಕೆ ಮದುವೆಗೆಂದು ಬಂದವನು ಬೇಲಿಯಾಚೆಯಿಂದ ನನ್ನ ಗುರುತು ಹಿಡಿದು ಇಂದುಮತಿಗೆ ಫೋನು ಮಾಡಿದ. ಅವಳು ನಿವೃತ್ತಳಾಗಿ ಬೆಳಗಾವಿಗೆ ಮರಳಿ ಒಂದು ತಿಂಗಳಾಗಿತ್ತು. ಮರುದಿನವೇ ಬಂದಳು. ಕೂದಲು ಬೆಳ್ಳಗಾಗಿತ್ತು. ಮೊದಲು ಕೋಳಿಗಳನ್ನು ಮೆಲ್ಲಗೆ ಇಳಿಸಿದಳು, ಆಮೇಲೆ ನನ್ನ ಬಾನೆಟ್ಟು ಎತ್ತಿದಳು.

ದಸ್ತಗೀರನ ಸ್ವಂತ ಶೆಡ್ಡಿನಲ್ಲಿ ಎರಡು ವರ್ಷ ನನ್ನ ಚಿಕಿತ್ಸೆ ನಡೆಯಿತು. ಈಗಿನ ಕಾಲದ ದೊಡ್ಡ ಎಂಜಿನ್ ಇಡೋಣವೆಂದು ಅವನು ಎಷ್ಟೋ ಸಲ ಹೇಳಿ ನೋಡಿದ. "ಹಂಗ ಮಾಡಿದ್ರ ಆ ಎಂಜಿನ್ ಓಡತೈತಿ, ಇದು ಓಡಂಗಿಲ್ಲ" ಎಂದು ಅವಳು ಆ ಮಾತು ಮುಗಿಸಿದಳು. ರೇಸಿನ ನಿಯಮದಂತೆ, ನಾನು ಉರುಳಿದರೂ ಅವಳಿಗೆ ಪೆಟ್ಟಾಗದ ಹಾಗೆ, ಒಳಗೆ ಉಕ್ಕಿನ ಕೊಳವೆಗಳ ಪಂಜರ ಕೂರಿಸಿದರು. ಬೇಡದ ಭಾರವೆಲ್ಲ ಇಳಿಯಿತು. ೨೦೧೯ರ ಚಳಿಗಾಲದಲ್ಲಿ ಲಾರಿ ಏರಿ ರಾಜ್ಯದ ಗಡಿಯಾಚೆಯ ಹೊಸ ರೇಸ್ ಟ್ರ್ಯಾಕಿಗೆ ಹೋದೆವು.

ಅಲ್ಲಿ ಕಾರುಗಳನ್ನು ತಪಾಸಣೆ ಮಾಡುವ ಅಧಿಕಾರಿ ನಿರಂಜನ ಶಾನಭಾಗ, ಬೆಂಗಳೂರಿನವನು. ಮರ್ಯಾದಸ್ಥ. ನನ್ನ ಸುತ್ತ ಎರಡು ಸಲ ಬಂದು ಬಾಗಿಲು ಸವರಿದ.

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರ ಮೇಡಂ! ನಿಮ್ಮನ್ನ ಹಳೇ ಕಾರುಗಳ ವಿಭಾಗಕ್ಕೆ ಹಾಕ್ತೀನಿ. ಮೂರು ಸುತ್ತು, ಎಲ್ಲಾ ಕಾರಿಗೂ ಹಾರ, ಫಲಕ. ಜನ ತುಂಬಾ ಇಷ್ಟಪಡ್ತಾರೆ."

"ಟೈಮ್ ಹಿಡೀತೀರೇನು?"

"ಇಲ್ಲ ಮೇಡಂ, ಸುಮ್ನೆ ಒಂದು ಮೆರವಣಿಗೆ ತರ."

"ಮುಂದಿನ ಗಾಡಿ ಹಿಂದ ಹಾಕಬಹುದೇನು?"

"ಅಯ್ಯೋ ಬೇಡ! ಪೇಂಟಿಗೆ ಏನಾದ್ರೂ ಆದ್ರೆ?"

"ಹಂಗಾರ ನನಗ ಇನ್ನೊಂದ ಪಟ್ಟಿ ತೋರಸ್ರಿ."

ಇನ್ನೊಂದು ಪಟ್ಟಿ ಹವ್ಯಾಸಿಗಳದ್ದು, ಸಾವಿರದ ನಾನೂರು ಸಿ.ಸಿ.ವರೆಗಿನ ಕಾರುಗಳದ್ದು. ಅಲ್ಲಿದ್ದವೆಲ್ಲ ನನ್ನ ಮೊಮ್ಮಕ್ಕಳ ವಯಸ್ಸಿನ ಕಾರುಗಳು. ಒಂದು ಷರತ್ತೂ ಇತ್ತು. ಅತಿ ವೇಗದ ಕಾರು ಎರಡು ನಿಮಿಷದಲ್ಲಿ ಒಂದು ಸುತ್ತು ಮುಗಿಸುತ್ತಿತ್ತು. ಉಳಿದವರು ಎರಡೂವರೆ ನಿಮಿಷದೊಳಗೆ ಮುಗಿಸಲೇಬೇಕು, ಇಲ್ಲವಾದರೆ ರೇಸಿಗೆ ನಿಲ್ಲುವಂತಿಲ್ಲ. ಶುಕ್ರವಾರದ ಅಭ್ಯಾಸದಲ್ಲಿ ನಾವು ತೆಗೆದುಕೊಂಡದ್ದು ಎರಡು ನಿಮಿಷ ಮೂವತ್ತಾರು ಸೆಕೆಂಡು. ಒಮ್ಮೆ ಹೆಸರು ಬರೆಸಿದರೆ ಮೆರವಣಿಗೆಗೆ ಮರಳಲು ಆಗದು.

ದಸ್ತಗೀರ ಅವಳನ್ನು ಪಕ್ಕಕ್ಕೆ ಕರೆದ. "ಅಕ್ಕಾರ, ಆರ ಸೆಕೆಂಡ್ ಅಂದ್ರ ಸಣ್ಣದಲ್ಲ. ಎರಡ ವರ್ಷ ಕೈ ಕರ್ರಗ ಮಾಡ್ಕೊಂಡೇವಿ. ಒಂದ ಸುತ್ತೂ ಓಡಸಲಾರದ ಮನಿಗೆ ಹೋಗೂದೇನು? ಮೂರ ಸುತ್ತ ಆದ್ರೂ ಆಗವಲ್ದ್ಯಾಕ."

"ದಸ್ತಗೀರ, ಹಾರ ಹಾಕ್ಕೊಂಡ ಸಾವಕಾಶ ಹೋಗೂದಕ್ಕ ಬ್ಯಾರೇನೇ ಹೆಸರೈತಿ. ನಾ ಇನ್ನೂ ಜೀವಂತ ಅದೇನಿ."

ಅವಳು ಹವ್ಯಾಸಿಗಳ ಪಟ್ಟಿಗೆ ಸಹಿ ಹಾಕಿದಳು.

ಆ ಸಂಜೆ ಇಂದುಮತಿ ಇಡೀ ಟ್ರ್ಯಾಕನ್ನು ನಡೆದು ನೋಡಿದಳು. ಮಂಡಿನೋವಿನ ಹೆಂಗಸು, ಕೈಯಲ್ಲೊಂದು ಸೀಮೆಸುಣ್ಣ. ಮರಳಿದಾಗ ಮುಖ ಅರಳಿತ್ತು. "ಅವರು ಬ್ರೇಕ್ ಒತ್ತೋ ಜಾಗದಾಗ ನಾನೂ ಒತ್ತಾಕತ್ತೇನಿ. ಅವರು ನೂರಾ ಅರವತ್ತರಾಗ ಬರ್ತಾರ, ನಾವು ನೂರಾ ಹತ್ತರಾಗ. ನಮಗ್ಯಾಕ ಅಷ್ಟ ಬ್ರೇಕು?"

ಶನಿವಾರ ಅರ್ಹತೆಯ ಸುತ್ತುಗಳು. ಮೊದಲನೆಯದು ಎರಡು ಮೂವತ್ತನಾಲ್ಕು. ಎರಡನೆಯದು ಎರಡು ಮೂವತ್ತೆರಡು. ಸಮಯ ಮುಗಿಯುತ್ತ ಬಂದಿತ್ತು, ಕೊನೆಯ ಸುತ್ತು ಒಂದೇ ಉಳಿದಿತ್ತು. ಉದ್ದನೆಯ ಎಡತಿರುವಿಗೆ ಬಂದಾಗ ಅವಳ ಬಲಗಾಲು ಕದಲಲಿಲ್ಲ. ನನ್ನ ಸಪೂರ ಚಕ್ರಗಳು ಕಿರುಚಿದವು, ಹಿಂಭಾಗ ಮರಳಿನತ್ತ ಜಾರಿತು, ಒಳಗಿನ ಚಕ್ರವೊಂದು ನೆಲ ಬಿಟ್ಟಿತು. ಅವಳ ಕೈಗಳು ಸ್ಟೇರಿಂಗಿನ ಮೇಲೆ ಒಂದಿಷ್ಟೂ ಗಾಬರಿಯಾಗಲಿಲ್ಲ. ನಾನೂ ಹಲ್ಲು ಕಚ್ಚಿ ಹಿಡಿದುಕೊಂಡೆ. ಗೆರೆ ದಾಟಿದಾಗ ಗೋಡೆಯ ಮೇಲೆ ಕೂತಿದ್ದ ದಸ್ತಗೀರ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಎರಡು ನಿಮಿಷ ಇಪ್ಪತ್ತೊಂಬತ್ತೂವರೆ ಸೆಕೆಂಡು.

ರವಿವಾರ ಹದಿನೈದು ಕಾರುಗಳ ಹಿಂದೆ, ಕಟ್ಟಕಡೆಯ ಜಾಗದಲ್ಲಿ ನಿಂತೆವು. ಬಾವುಟ ಬಿದ್ದೊಡನೆ ಮೊಮ್ಮಕ್ಕಳೆಲ್ಲ ಕಣ್ಮರೆಯಾದವು. ಸ್ವಲ್ಪ ಹೊತ್ತಿಗೆ ಮುಂದಿನವು ಹಿಂದಿನಿಂದ ಬಂದು ನಮ್ಮನ್ನು ದಾಟಿದವು, ರೇಸು ಮುಗಿಯುವ ಮೊದಲು ಮತ್ತೊಮ್ಮೆಯೂ ದಾಟಿದವು. ಅವಳು ಪ್ರತಿ ಸಲವೂ ಕೈ ತೋರಿಸಿ ದಾರಿ ಬಿಟ್ಟಳು, ತನ್ನ ವೇಗ ಮಾತ್ರ ಬಿಡಲಿಲ್ಲ. ಐದನೆಯ ಸುತ್ತಿಗೆ ಒಂದು ಕೆಂಪು ಕಾರು ಕಣ್ಣಿಗೆ ಬಿತ್ತು. ಬ್ರೇಕು ಕಾದು ಹೊಗೆಯಾಡುತ್ತಿತ್ತು. ಎಡತಿರುವಿಗೆ ಅದು ತಡೆದು ತಡೆದು ಹೋಯಿತು. ನಾವು ತಡೆಯದೆ ಹೊರಗಿನಿಂದ ಹೋದೆವು.

ಅವರು ಹತ್ತು ಸುತ್ತು ಓಡುವಷ್ಟರಲ್ಲಿ ನಾವು ಎಂಟು ಓಡಿದ್ದೆವು. ಹದಿನಾರರಲ್ಲಿ ಹದಿನೈದನೆಯ ಸ್ಥಾನ.

ನಿರಂಜನ ಉಳಿದಿದ್ದ ಒಂದು ಹಾರ ಹಿಡಿದು ಬಂದ. ಇಂದುಮತಿ ಹೆಲ್ಮೆಟ್ ತೆಗೆದು, "ಅದು ಬ್ಯಾಡ ಸರ್. ಫಲಿತಾಂಶದ ಹಾಳಿ ಒಂದ ಪ್ರತಿ ಕೊಡ್ರಿ" ಎಂದಳು. ಅವನು ಹಾರವನ್ನು ಮಡಚಿ ಜೇಬಿಗೆ ತುರುಕಿ, ಹಾಳೆ ತರಲು ತಾನೇ ಓಡಿದ.

ಅದಾದ ಮೇಲೆ ಇನ್ನೂ ಮೂರು ವರ್ಷ ಓಡಿದೆ. ನಾಲ್ಕನೆಯ ವರ್ಷ ಎಂಜಿನ್ನಿನ ಎರಕದ ಒಡಲೇ ಬಿರುಕು ಬಿಟ್ಟಿತು. ಇನ್ನು ಅದು ಕೂಡುವುದಿಲ್ಲ. ಈಗ ದಸ್ತಗೀರನ ಶೆಡ್ಡಿನ ಮೂಲೆಯಲ್ಲಿದ್ದೇನೆ. ದೊಡ್ಡ ಹೋಟೆಲಿನವರೊಬ್ಬರು ತಮ್ಮ ಬಾಗಿಲಲ್ಲಿ ನಿಲ್ಲಿಸಲು ಕೇಳಿಕೊಂಡು ಬಂದಿದ್ದರು. ಇಂದುಮತಿ ಅವರಿಗೆ ಚಹಾ ಕುಡಿಸಿ ಕಳಿಸಿದಳು. ನನಗೆ ಬೇಸರವಿಲ್ಲ. ಹದಿನೈದನೆಯ ಸ್ಥಾನ ಯಾರೂ ನನಗೆ ಮರ್ಯಾದೆಗೆ ಕೊಟ್ಟದ್ದಲ್ಲ, ಓಡಿ ತೆಗೆದುಕೊಂಡದ್ದು.

ಶೆಡ್ಡಿಗೆ ಬಂದವರು ನನ್ನ ಪಂಜರ ನೋಡಿ ಕೇಳುತ್ತಾರೆ, "ರೇಸಿನಾಗ ಎಷ್ಟನೇ ನಂಬರ್ ಬಂದಿತ್ತು?"

"ಹದಿನಾರಾಗ ಹದಿನೈದು" ಎಂದು ದಸ್ತಗೀರ ಎದೆಯುಬ್ಬಿಸಿ ಹೇಳಿ, ಅವರ ಮುಖವನ್ನೇ ನೋಡುತ್ತಾನೆ. ನಕ್ಕವರಿಗೆ ಅಲ್ಲಿಂದಲೇ ಬಾಗಿಲು ತೋರಿಸುತ್ತಾನೆ. ನಗದವರಿಗೆ ಸ್ಟೂಲು ಹಾಕಿ ಕೂರಿಸಿ, ನನ್ನ ಬಾನೆಟ್ಟು ಎತ್ತುತ್ತಾನೆ.