ಕೌದಿಯೊಳಗಿನ ಸಿಂಹಗಳು

ಇನ್ಸ್‌ಪೆಕ್ಟರ್ ಕೌದಿಯ ಮೇಲೆ ಕೂತಾಗ ಒಳಗಿನಿಂದ ಚರಕ್ ಎಂದು ಸಪ್ಪಳವಾಯಿತು. ಬಾಗಿಲ ಹಿಂದೆ ನಿಂತಿದ್ದ ಸುಹಾಸಿನಿಗೆ ಜೀವ ಬಾಯಿಗೆ ಬಂತು.

ತುರ್ತುಪರಿಸ್ಥಿತಿಯ ಎರಡನೇ ವರ್ಷ. ತೆಲುಗು ಸೀಮೆಯ ಕಾಚಿಗುಡದ ಆ ಓಣಿಯಲ್ಲಿ ಜನ ಮಾತಾಡುವುದನ್ನೇ ಬಿಟ್ಟಿದ್ದರು. ಇಂಥ ಹೊತ್ತಿನಲ್ಲಿ ಆಕೆಯ ಗಂಡ, ಡ್ರಾಯಿಂಗ್ ಮಾಸ್ತರ ಪ್ರಾಣೇಶ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಿದ್ದ. ಬಟ್ಟೆಯ ಮೇಲೆ ರಾಷ್ಟ್ರಧ್ವಜ ಬರೆದು ಚಕ್ರಕ್ಕೆ ಬೀಗ ಜಡಿದಿದ್ದ. ಸರ್ಕಾರಿ ಮುದ್ರೆಯ ಸಿಂಹಗಳ ಬಾಯಿಗೆ ಪಟ್ಟಿ ಬಿಗಿದಿದ್ದ. ಅವನ್ನು ನೋಡಿ ಮೆಚ್ಚಿದ್ದ ಗೆಳೆಯನನ್ನು ಮೊನ್ನೆ ಪೊಲೀಸರು ಎತ್ತಿಕೊಂಡು ಹೋಗಿದ್ದರು.

"ಎಲ್ಯಾರೆ ಮುಚ್ಚಿಡು. ಎಲ್ಲಿ ಅಂತ ನನಗ ಹೇಳಬ್ಯಾಡ. ಹೊಡದ್ರ ಬಾಯಿ ಬಿಟ್ಟೇನು," ಎಂದಿದ್ದ ಪ್ರಾಣೇಶ.

ಆ ಚಿತ್ರಗಳನ್ನು ಸುಡಲು ಆಕೆಗೆ ಮನಸ್ಸಾಗಲಿಲ್ಲ. ಹೊಲಿಯುತ್ತಿದ್ದ ಕೌದಿಯ ಹಳೆ ಸೀರೆಗಳ ಪದರಿನೊಳಗೆ ಸೇರಿಸಿ ಅಂಚು ಹೊಲಿದುಬಿಟ್ಟಳು. ಒಣಗಿದ ಬಣ್ಣ ಹಪ್ಪಳದಂತೆ ಗಡುಸಾಗಿತ್ತು. ಅತ್ತೆಗೂ ಹೇಳಲಿಲ್ಲ. ತಪ್ಪಿದ್ದು ಅಲ್ಲೇ.

ಬಂದ ಇನ್ಸ್‌ಪೆಕ್ಟರ್ ಗುರುಸಿದ್ದಪ್ಪ ರಾಯಚೂರಿನವನು. ಅವನ ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತೆ ಗೋದಾಬಾಯಿಗೆ ಪೊಲೀಸು ಮರೆತು ತವರು ನೆನಪಾಯಿತು. "ನಮ್ಮ ಕಡಿಯವ್ರು ಬರೀ ನೆಲದ ಮ್ಯಾಲ ಕೂಡಬಾರದು," ಎಂದು ಆ ಹೊಸ ಕೌದಿಯನ್ನೇ ತಂದು ಹಾಸಿದ್ದರು.

ಕಾನ್ಸ್‌ಟೇಬಲ್‌ಗಳು ಟ್ರಂಕು, ಅಟ್ಟ, ಅಕ್ಕಿ ಡಬ್ಬಿ ಎಲ್ಲ ಜಾಲಾಡಿದರು. ಪ್ರಾಣೇಶ ಗೋಡೆಗೊರಗಿ ಬೆವರುತ್ತಿದ್ದ. ಗುರುಸಿದ್ದಪ್ಪ ಮಜ್ಜಿಗೆ ಕುಡಿಯುತ್ತ ಕೌದಿ ಸವರಿದ. ಅವನ ಬೆರಳು ಹೋದಲ್ಲೆಲ್ಲ ಸುಹಾಸಿನಿಯ ಕಣ್ಣು ಹೋಯಿತು.

"ಭಾಳ ಛಂದ ಐತ್ರಿ. ನನ್ನ ಮಗಳು ಬಾಣಂತಿ ಅದಾಳ. ಈ ಊರಾಗ ಕೌದಿ ಹೊಲಿಯವ್ರೇ ಸಿಗವಲ್ರು."

"ಹಂಗಾದ್ರ ಇದನ್ನ ಒಯ್ರಿ. ಬಾಣಂತಿಗೆ ಇಲ್ಲ ಅನ್ನಬಾರದು," ಎಂದರು ಗೋದಾಬಾಯಿ.

"ಅತ್ತಿ, ಅದು ಇನ್ನೂ ಒಗದಿಲ್ಲ," ಎಂದಳು ಸುಹಾಸಿನಿ.

"ಅವರ ಮನ್ಯಾಗ ಒಗೀತಾರ ಬಿಡು. ಹೊಲಿಗಿ ಬಿಚ್ಚಿದ್ರ ಇಲ್ಲಿಗೇ ಕಳಸ್ರಿ ಸಾಹೇಬ್ರ. ನನ್ನ ಸೊಸಿ ಕೈಲೆ ಹೊಲದದ್ದು ಇದು."

ಗುರುಸಿದ್ದಪ್ಪ ಆಕೆಯತ್ತ ತಿರುಗಿ ನಕ್ಕ. "ಹೆಸರೇನವಾ ತಂಗಿ?"

ಆಕೆ ಹೇಳಿದಳು.

ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಇನ್ಸ್‌ಪೆಕ್ಟರ್ ಜೀಪು ಹತ್ತಿದ. ಗೋದಾಬಾಯಿ ಲೋಟ ತೊಳೆಯಲು ಒಳಗೆ ಹೋದರು. ಪ್ರಾಣೇಶ ದೊಡ್ಡದೊಂದು ಉಸಿರು ಬಿಟ್ಟ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು.

"ಏನೂ ಸಿಗಲಿಲ್ಲ ನೋಡು. ಇನ್ನರ ಹೇಳು, ಎಲ್ಲಿಟ್ಟಿ?"

ಸುಹಾಸಿನಿ ಕೈಯೆತ್ತಿ ಓಣಿಯ ತಿರುವು ತೋರಿಸಿದಳು. ಅಲ್ಲಿ ಜೀಪು ಎಬ್ಬಿಸಿದ ಧೂಳು ಇನ್ನೂ ಇಳಿದಿರಲಿಲ್ಲ.